ಹಾಡು ಬೇಕು, ಹಾಡುವವರು ಬೇಡವೇ?

ರಾಜ್ಯೋತ್ಸವದ ವೇದಿಕೆಯೇರಿ ಮಲೆನಾಡಿನ ಸಂಸ್ಕೃತಿಯನ್ನು ಕೊಂಡಾಡುವ ಮಹನೀಯರನ್ನು ನಾವು ಕೇಳುತ್ತೇವೆ: ಹಾಡು ಉಳಿಯಬೇಕು ಎನ್ನುವಿರಿ, ಹಾಡುವವನು ಎಲ್ಲಿ ಉಳಿಯಬೇಕು?

ಅಮೆರಿಕದ ಹಿಡಿತದಲ್ಲಿರುವ ಪೋರ್ಟೊರಿಕೊ ದ್ವೀಪವನ್ನು ನೋಡಿ. ಅಲ್ಲಿನ ಬಡವರ ಕೇರಿಗಳಲ್ಲಿ ಬೆಳೆದ ಸ್ಪ್ಯಾನಿಷ್ ಹಾಡು ರೆಗೆಟಾನ್. 1995ರಲ್ಲಿ ಪೊಲೀಸರು ಅಂಗಡಿಗಳಿಗೆ ನುಗ್ಗಿ, ಅಶ್ಲೀಲವೆಂದು ಅದರ ಕ್ಯಾಸೆಟ್ಟುಗಳನ್ನು ಜಪ್ತಿ ಮಾಡಿದರು. ಇಂದು ಅದೇ ಹಾಡು ಲ್ಯಾಟಿನ್ ಜನರ ಅಭಿಮಾನ! ಒಂದು ಕಾಲಕ್ಕೆ ದಿನಸಿ ಮಳಿಗೆಯಲ್ಲಿ ಗಿರಾಕಿಗಳ ಚೀಲ ತುಂಬುತ್ತಿದ್ದ ಬ್ಯಾಡ್ ಬನ್ನಿ ಎಂಬ ಗಾಯಕ 2025ರಲ್ಲಿ ಅಲ್ಲಿನ ರಾಜಧಾನಿಯಲ್ಲಿ 31 ಸಂಗೀತ ಕಚೇರಿ ನಡೆಸಿದನು. ಮೊದಲ 9 ದ್ವೀಪವಾಸಿಗಳಿಗೇ ಮೀಸಲು. ಆ ಕಚೇರಿಗಳಿಗಿಟ್ಟ ಹೆಸರಿನ ಅರ್ಥ: ನನಗೆ ಇಲ್ಲಿಂದ ಹೋಗಲು ಮನಸ್ಸಿಲ್ಲ. ಹೊರಗಿನ ಧನಿಕರು ಮನೆ ಜಮೀನು ಕೊಳ್ಳುವಾಗ, ಮಕ್ಕಳು ಕೆಲಸ ಹುಡುಕಿ ಊರು ಬಿಡುವಾಗ, ಅದು ಬರಿಯ ಮೋಜಿನ ಮಾತಲ್ಲ.

ನಮ್ಮ ಕೆರೆಕಟ್ಟೆಯಲ್ಲಿ? 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಂದಿನಿಂದ ಒಕ್ಕಲೆಬ್ಬಿಸುವ ಕತ್ತಿ ಈ ಭಾಗದ ಜನರ ತಲೆಯ ಮೇಲೆ ತೂಗುತ್ತಿದೆ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವುದು ಮಲೆನಾಡಿನ ಪದ್ಧತಿ. ಮನೆಗಳೇ ಖಾಲಿಯಾದರೆ ಯಾರ ಬಾಗಿಲಲ್ಲಿ ಹಾಡುವುದು? ಆ ದೀಪಕ್ಕೆ ಎಣ್ಣೆ ಹೊಯ್ಯುವವರು ಯಾರು?

ಕಾಡು ಉಳಿಯಲಿ, ನಮಗೂ ಅದು ಬೇಕು. ಆದರೆ ಇರುವವನಿಗೆ ಹಕ್ಕುಪತ್ರ, ರಸ್ತೆ, ವಿದ್ಯುತ್ತು ಕೊಡಿ; ಹೋಗಲೊಪ್ಪುವವನಿಗೆ ನ್ಯಾಯವಾದ ಪರಿಹಾರವನ್ನು ಒಂದೇ ಕಂತಿನಲ್ಲಿ ಕೊಡಿ. ಇದನ್ನು ಕೊಡದವರ ಸಂಸ್ಕೃತಿಪ್ರೇಮ ವೇದಿಕೆಯ ಹೂಹಾರದಂತೆ ಮರುದಿನ ಬಾಡುವಂಥದ್ದು.

ಗಿರಣಿ ಕಾರ್ಮಿಕರೇ, ಊರು ಬಿಟ್ಟವನು ನಾಳೆ ಅರ್ಧ ಕೂಲಿಗೆ ನಿಮ್ಮ ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಾನೆ. ವರ್ತಕರೇ, ಅವನೇ ನಿಮ್ಮ ಗಿರಾಕಿ. ಅವನ ಪರವಾಗಿ ಈಗಲೇ ದನಿಯೆತ್ತಿ!