ವಿಮಾನಕ್ಕೊಪ್ಪಿಸುವ ಪೆಟ್ಟಿಗೆಗೆ ಬೀಗ ಬೇಕೆ?

ಉನ್ನತ ವ್ಯಾಸಂಗಕ್ಕಾಗಿ ಪ್ರತಿ ವರ್ಷವೂ ನಮ್ಮ ನಾಡಿನಿಂದ ಅಮೆರಿಕಕ್ಕೆ ಹೊರಡುವ ವಿದ್ಯಾರ್ಥಿಗಳ ಸಂಖ್ಯೆ ಅಲ್ಪವಲ್ಲ. ಪ್ರಯಾಣದ ಮುನ್ನಾದಿನ ಅವರ ಮನೆಗಳಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದುಂಟು: ವಿಮಾನದ ಸರಕುಕೋಣೆಗೆ ಒಪ್ಪಿಸುವ ದೊಡ್ಡ ಪೆಟ್ಟಿಗೆಗಳಿಗೆ ಬೀಗ ಹಾಕಬೇಕೆ, ಬೇಡವೆ? ಬೀಗವಿಲ್ಲದ ಪೆಟ್ಟಿಗೆಯನ್ನು ಪರರ ಕೈಗೆ ಕೊಡುವುದುಂಟೆ ಎಂದು ಹಿರಿಯರು ಕೇಳುತ್ತಾರೆ. ಹಾಕಿದರೆ ಅಲ್ಲಿನವರು ಒಡೆದುಹಾಕುತ್ತಾರೆ ಎಂದು ಹೋಗಿಬಂದವರು ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಬೀಗವೆಂಬ ಯಂತ್ರವು ಯಾವ ಕೆಲಸವನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬುದನ್ನು ಮೊದಲು ವಿಚಾರಿಸದೆ ಈ ಪ್ರಶ್ನೆಗೆ ಉತ್ತರ ದೊರೆಯದು.

ತೆರೆಯಲಾಗದ ಬೀಗವನ್ನು ಮನುಷ್ಯನು ಇನ್ನೂ ನಿರ್ಮಿಸಿಲ್ಲ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿಯ ಬೀಗವೊಂದನ್ನು 1790ರಿಂದ ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿ ಇರಿಸಿ, ಅದನ್ನು ತೆರೆದವರಿಗೆ 200 ಗಿನಿಗಳ ಬಹುಮಾನವೆಂದು ಸಾರಲಾಗಿತ್ತು. ಅರುವತ್ತು ವರ್ಷಗಳ ಕಾಲ ಅದು ಅಜೇಯವಾಗಿಯೇ ಉಳಿಯಿತು. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಹದಿನಾರು ದಿನಗಳ ಅವಧಿಯಲ್ಲಿ ಸುಮಾರು 51 ಗಂಟೆಗಳ ಕಾಲ ಶ್ರಮಿಸಿ ಅದನ್ನೂ ತೆರೆದನು. ಆದುದರಿಂದ ಬೀಗವು ಕಳ್ಳನನ್ನು ತಡೆಯುತ್ತದೆ ಎನ್ನುವುದಕ್ಕಿಂತ ಅವನ ಕಾಲವನ್ನು ವ್ಯಯಮಾಡಿಸುತ್ತದೆ ಎನ್ನುವುದೇ ಸರಿ.

ಬೀಗಕ್ಕೆ ಇನ್ನೊಂದು ಗುಣವೂ ಇರಬಲ್ಲದು. 1818ರಲ್ಲಿ ಜೆರೆಮಯಾ ಚಬ್ ಎಂಬಾತನು ಒಂದು ವಿಚಿತ್ರವಾದ ಬೀಗಕ್ಕೆ ಪೇಟೆಂಟನ್ನು ಪಡೆದನು. ಪರರು ಬೇರೊಂದು ಕೀಲಿಕೈಯಿಂದಲೋ ತಂತಿಯಿಂದಲೋ ಅದನ್ನು ತೆರೆಯಲು ಹೋದರೆ ಒಳಗಿನ ಸನ್ನೆಯೊಂದು ಮಿತಿಮೀರಿ ಮೇಲೆದ್ದು ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಅನಂತರ ಒಡೆಯನು ಬಂದು ನಿಜವಾದ ಕೀಲಿಕೈಯನ್ನು ಹಾಕಿದರೂ ಬೀಗವು ಒಡನೆ ತೆರೆಯುತ್ತಿರಲಿಲ್ಲ. ಯಾರೋ ಕೈಯಾಡಿಸಿದ್ದಾರೆಂದು ಅವನಿಗೆ ಅದರಿಂದಲೇ ತಿಳಿಯುತ್ತಿತ್ತು. ಕಾಲವನ್ನು ವ್ಯಯಮಾಡಿಸುವುದು, ಸಾಕ್ಷಿ ನುಡಿಯುವುದು ಎಂಬ ಈ ಎರಡು ಗುಣಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಪ್ರಯಾಣದ ಪೆಟ್ಟಿಗೆಯನ್ನು ನೋಡೋಣ. ಅದಕ್ಕೆ ಹಾಕುವ ಮೂರಂಕಿಯ ಬೀಗದಲ್ಲಿ 000ಯಿಂದ 999ರವರೆಗೆ ಒಟ್ಟು 1,000 ಸಂಯೋಗಗಳು ಮಾತ್ರವಿವೆ. ಒಂದೊಂದಕ್ಕೆ ಎರಡು ಸೆಕೆಂಡುಗಳಂತೆ ಎಲ್ಲವನ್ನೂ ಪರೀಕ್ಷಿಸಿದರೂ 2,000 ಸೆಕೆಂಡುಗಳು, ಎಂದರೆ ಅರ್ಧ ಗಂಟೆಗಿಂತ ಕೊಂಚ ಹೆಚ್ಚು ಹೊತ್ತು ಸಾಕು. ಇದಲ್ಲದೆ ಬಟ್ಟೆಯ ಪೆಟ್ಟಿಗೆಯನ್ನು ನಿಜವಾಗಿ ಮುಚ್ಚಿರುವುದು ಬೀಗವಲ್ಲ, ಜಿಪ್ಪು. ಅದರ ಹಲ್ಲುಗಳ ನಡುವೆ ಬಾಲ್ ಪೆನ್ನಿನ ಮೊನೆಯನ್ನು ಒತ್ತಿದರೆ ಜಿಪ್ಪು ಬಾಯಿ ಬಿಡುತ್ತದೆ. ಬೀಗ ಹಾಕಿದ ಎಳೆತಗಳನ್ನೇ ಒಂದು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಅದು ಮತ್ತೆ ಮೊದಲಿನಂತೆ ಮುಚ್ಚಿಕೊಳ್ಳುತ್ತದೆ. ಗೋಡೆಯೇ ಬಟ್ಟೆಯಾಗಿರುವಾಗ ಬಾಗಿಲಿಗೆ ಉಕ್ಕಿನ ಅಗುಳಿ ಹಾಕಿ ಫಲವೇನು?

ಇನ್ನು ಪೆಟ್ಟಿಗೆಗಳನ್ನು ಅಧಿಕಾರಿಗಳು ತೆರೆಯುವುದೇಕೆ? ಇದಕ್ಕೆ ದಾರುಣವಾದ ಇತಿಹಾಸವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಮಂದಿ ಮಡಿದರು. ಬಾಂಬು ಇದ್ದುದು ಸರಕುಕೋಣೆಯ ಪೆಟ್ಟಿಗೆಯೊಂದರಲ್ಲಿ. ಅದನ್ನು ಒಪ್ಪಿಸಿದವನು ವಿಮಾನವನ್ನು ಏರಿರಲೇ ಇಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆ್ಯಮ್ ವಿಮಾನವೊಂದು ಇದೇ ರೀತಿಯಲ್ಲಿ ಸಿಡಿದಾಗ, ನೆಲದ ಮೇಲಿದ್ದ 11 ಮಂದಿಯೂ ಸೇರಿ 270 ಜನರು ಪ್ರಾಣ ತೆತ್ತರು. ಅಲ್ಲಿ ಸ್ಫೋಟಕವನ್ನು ಸೂಟ್‌ಕೇಸಿನೊಳಗಿನ ರೇಡಿಯೋ ಕ್ಯಾಸೆಟ್ ಯಂತ್ರದಲ್ಲಿ ಅಡಗಿಸಲಾಗಿತ್ತು. 2001ರ ಸೆಪ್ಟೆಂಬರಿನ ದಾಳಿಗಳಾದ ಬಳಿಕ ಅಮೆರಿಕವು ಸಾರಿಗೆ ಭದ್ರತಾ ಆಡಳಿತವೆಂಬ ಇಲಾಖೆಯನ್ನು ಸ್ಥಾಪಿಸಿ, ಸರಕುಕೋಣೆಗೆ ಹೋಗುವ ಪ್ರತಿಯೊಂದು ಪೆಟ್ಟಿಗೆಯನ್ನೂ ಸ್ಫೋಟಕಗಳಿಗಾಗಿ ಪರೀಕ್ಷಿಸುವ ಏರ್ಪಾಡನ್ನು ಮಾಡಿತು.

ಈ ಪರೀಕ್ಷೆಗೆ ಬಳಸುವ ಯಂತ್ರವು ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಸಹೋದರ. ಎಕ್ಸ್ ಕಿರಣಗಳನ್ನು ಅನೇಕ ಕೋನಗಳಿಂದ ಹಾಯಿಸಿ, ಒಳಗಿನ ಪ್ರತಿಯೊಂದು ವಸ್ತುವಿನ ಸಾಂದ್ರತೆಯನ್ನು ಅದು ಗಣಿಸುತ್ತದೆ. ಸ್ಫೋಟಕವನ್ನು ಹೋಲುವ ಸಾಂದ್ರತೆ ಕಂಡುಬಂದರೆ ಎಚ್ಚರಿಕೆ ಕೊಡುತ್ತದೆ. ಆದರೆ ಸಾಂದ್ರತೆಯೊಂದರಿಂದಲೇ ವಸ್ತುವಿನ ಗುರುತು ಹತ್ತುವುದಿಲ್ಲ. ಅಮ್ಮ ಒತ್ತಾಗಿ ಕಟ್ಟಿಕೊಟ್ಟ ಮೈಸೂರುಪಾಕಿನ ಪೊಟ್ಟಣವೂ ಬೆಲ್ಲದ ಅಚ್ಚೂ ಯಂತ್ರದ ಕಣ್ಣಿಗೆ ಅನುಮಾನಾಸ್ಪದವಾಗಿ ತೋರಬಹುದು. ಆಗ ಮನುಷ್ಯನೇ ಪೆಟ್ಟಿಗೆಯನ್ನು ತೆರೆದು ನೋಡಬೇಕಾಗುತ್ತದೆ. ಪ್ರಯಾಣಿಕನು ಆ ವೇಳೆಗೆ ಬೇರೆ ಕಡೆ ಇರುತ್ತಾನೆ. ಬೀಗವಿದ್ದರೆ ಅಧಿಕಾರಿಯು ಅದನ್ನು ಒಡೆಯಬಹುದು. ಅದರ ನಷ್ಟವನ್ನು ಇಲಾಖೆಯು ತುಂಬಿಕೊಡುವುದಿಲ್ಲ. ಪರೀಕ್ಷೆಯಾದ ಮೇಲೆ ಅಚ್ಚು ಹಾಕಿದ ಸೂಚನಾಪತ್ರವೊಂದನ್ನು ಒಳಗೆ ಇಡುವ ಪದ್ಧತಿಯಿದೆ.

ಈ ತೊಡಕನ್ನು ಪರಿಹರಿಸಲು ಬಂದುದೇ ಇಲಾಖೆಯ ಒಪ್ಪಿಗೆ ಪಡೆದ ಬೀಗ. ಟ್ರಾವೆಲ್ ಸೆಂಟ್ರಿ ಸಂಸ್ಥೆಯ ಕೆಂಪು ವಜ್ರಾಕೃತಿಯ ಗುರುತನ್ನು ನಮ್ಮ ಅಂಗಡಿಗಳ ಪೆಟ್ಟಿಗೆಗಳ ಮೇಲೆಯೂ ಕಾಣಬಹುದು. ಇಂಥ ಬೀಗದಲ್ಲಿ ಒಡೆಯನಿಗೆ ಅಂಕಿಗಳು, ಅಧಿಕಾರಿಗೆ ಒಂದು ಕೀಲಿಕಂಡಿ. ಒಂದು ಮಾದರಿಯ ಬೀಗಗಳಿಗೆಲ್ಲ ಒಂದೇ ಸರ್ವಕೀಲಿ. ಮೇಲುನೋಟಕ್ಕೆ ಇದು ಬಹಳ ಜಾಣತನದ ಏರ್ಪಾಡು. ಆದರೆ ಇದರ ಬುಡದಲ್ಲಿಯೇ ದೋಷವಿದೆ ಎಂಬುದು ನಮ್ಮ ಅಭಿಪ್ರಾಯ.

ಆರು ಕಿವಿಗಳಿಗೆ ಬಿದ್ದ ಮಾತು ಗುಟ್ಟಾಗಿ ಉಳಿಯದೆಂದು ನಮ್ಮ ಹಿರಿಯರು ಬಲ್ಲರು. ಇಲ್ಲಿ ಗುಟ್ಟು ಇದ್ದುದು ಸಾವಿರಾರು ನೌಕರರ ಕೈಯಲ್ಲಿ. 2014ರಲ್ಲಿ ಅಮೆರಿಕದ ಪತ್ರಿಕೆಯೊಂದು ಸರ್ವಕೀಲಿಗಳ ಸ್ಪಷ್ಟವಾದ ಛಾಯಾಚಿತ್ರವನ್ನು ಪ್ರಕಟಿಸಿತು. 2015ರಲ್ಲಿ ಆಸಕ್ತರು ಕೀಲಿಗಳ ಅಳತೆಗಳನ್ನು ಸಿದ್ಧಪಡಿಸಿ ಅಂತರಜಾಲದಲ್ಲಿ ಹಂಚಿದರು; ಮೂರು ಆಯಾಮದ ಮುದ್ರಣಯಂತ್ರವುಳ್ಳ ಯಾರೇ ಆಗಲಿ ಅವನ್ನು ಮನೆಯಲ್ಲಿಯೇ ತಯಾರಿಸುವಂತಾಯಿತು. ಈ ಬೀಗಗಳು ಪ್ರಯಾಣಿಕರ ನೆಮ್ಮದಿಗಾಗಿ ಇರುವ ವಸ್ತುಗಳೇ ಹೊರತು ವಿಮಾನಭದ್ರತೆಯ ಅಂಗಗಳಲ್ಲವೆಂದು ಇಲಾಖೆಯು ಉತ್ತರ ಕೊಟ್ಟಿತು. ಆ ಉತ್ತರವು ಸತ್ಯವೇ. ಬೀಗ ಕೊಂಡವರಲ್ಲಿ ಎಷ್ಟು ಮಂದಿಗೆ ಅದು ಮೊದಲೇ ತಿಳಿದಿತ್ತು?

ಛಾಯಾಚಿತ್ರವು ಹೊರಬೀಳದಿದ್ದರೂ ಈ ಗುಟ್ಟು ಬಹುಕಾಲ ಉಳಿಯುವಂತಿರಲಿಲ್ಲ. ಏಕೆಂದರೆ ಬೀಗವೆಂಬುದು ತನ್ನ ಕೀಲಿಕೈಯ ಅಚ್ಚನ್ನು ತನ್ನ ಹೊಟ್ಟೆಯಲ್ಲಿಯೇ ಹೊತ್ತಿರುತ್ತದೆ. ಒಂದು ಬೀಗವನ್ನು ಕೊಂಡು ಬಿಚ್ಚಿ ಅಳೆದರೆ ಆ ಜಾತಿಯ ಬೀಗಗಳಿಗೆಲ್ಲ ಹೊಂದುವ ಕೀಲಿಯನ್ನು ಅರದಿಂದ ಉಜ್ಜಿ ತೆಗೆಯಬಹುದು. ಸಂಕೇತವಿಧಾನವು ವೈರಿಯ ಕೈಸೇರಿದರೂ ಕೆಡುಕಾಗದಂತಿರಬೇಕೆಂದು ಆಗಸ್ಟ್ ಕೆರ್ಕಾಫ್ಸ್ 1883ರಲ್ಲಿಯೇ ಸಾರಿದ್ದನು. ಗುಪ್ತಲಿಪಿಯ ವಿಷಯದಲ್ಲಿ ಹೇಳಿದ ಆ ಸೂತ್ರವು ಹಿತ್ತಾಳೆಯ ಬೀಗಕ್ಕೂ ಅನ್ವಯಿಸುತ್ತದೆ. ಎಲ್ಲ ಬಾಗಿಲುಗಳಿಗೂ ಒಂದೇ ಕೀಲಿ ಇರುವಲ್ಲಿ, ಒಂದು ಬಾಗಿಲಿನ ಸೋಲು ಎಲ್ಲ ಬಾಗಿಲುಗಳ ಸೋಲೇ ಆಗುತ್ತದೆ.

ಹಾಗಾದರೆ ಬೀಗವನ್ನು ಬಿಟ್ಟೇಬಿಡಬೇಕೆ ಎಂದು ಕೇಳಬಹುದು. ಬೀಗಕ್ಕೂ ಅಲ್ಪಸ್ವಲ್ಪ ಉಪಯೋಗವುಂಟು. ಸಾಗಿಸುವ ಪಟ್ಟಿಯ ಮೇಲೆ ಉರುಳುವಾಗ ಜಿಪ್ಪು ತಾನಾಗಿ ತೆರೆದುಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಸುಮ್ಮನೆ ಕೈಹಾಕಿ ನೋಡುವವನು ಬೀಗವನ್ನು ಕಂಡು ಪಕ್ಕದ ಪೆಟ್ಟಿಗೆಯತ್ತ ತಿರುಗಬಹುದು. ಆದರೆ ಸರ್ವಕೀಲಿಯಿಂದ ತೆರೆದು ಮತ್ತೆ ಮುಚ್ಚಿದ ಬೀಗವು ಅನೇಕ ವೇಳೆ ಯಾವ ಗುರುತನ್ನೂ ಉಳಿಸುವುದಿಲ್ಲ. ಚಬ್ಬನ ಬೀಗಕ್ಕಿದ್ದ ನಾಲಗೆ ಇದಕ್ಕಿಲ್ಲ.

ಆದುದರಿಂದ ಅಮೆರಿಕಕ್ಕೆ ಹೋಗುವ ಪೆಟ್ಟಿಗೆಗೆ ಬೇಕಾದುದು ಬೀಗಕ್ಕಿಂತ ಹೆಚ್ಚಾಗಿ ಒಂದು ಮುದ್ರೆ ಎಂದು ನಾವು ಭಾವಿಸುತ್ತೇವೆ. ವಿದ್ಯುತ್ ಮೀಟರಿಗೂ ಮತಯಂತ್ರಕ್ಕೂ ಮುದ್ರೆ ಹಾಕುವುದನ್ನು ವಾಚಕರು ಕಂಡಿರಬಹುದು. ಅದು ಯಾರನ್ನೂ ತಡೆಯುವುದಿಲ್ಲ. ಆದರೆ ಅದನ್ನು ಮುರಿಯದೆ ಒಳಗೆ ಕೈಹಾಕಲು ಬರುವುದಿಲ್ಲ. ಅಂಕಿ ಮುದ್ರಿಸಿರುವ ಅಗ್ಗದ ಪ್ಲಾಸ್ಟಿಕ್ ಪಟ್ಟಿಯೊಂದು ಈ ಕೆಲಸಕ್ಕೆ ಸಾಕು. ಜಿಪ್ಪಿನ ಎಳೆತಗಳನ್ನು ಪರಸ್ಪರ ಮಾತ್ರ ಬಿಗಿಯದೆ, ಪೆಟ್ಟಿಗೆಯ ಹಿಡಿಗೋ ಬಳೆಗೋ ಸೇರಿಸಿ ಕಟ್ಟಿದರೆ ಅವು ಓಡಾಡಲಾರವು. ಪೆನ್ನಿನಿಂದ ಸೀಳಿದ ಜಿಪ್ಪನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಪಟ್ಟಿಯ ಅಂಕಿಯನ್ನು ಬರೆದಿಟ್ಟುಕೊಂಡರಾಯಿತು. ಪಟ್ಟಿ ಕತ್ತರಿಸಿದ್ದು ಒಳಗೆ ಸೂಚನಾಪತ್ರವಿದ್ದರೆ ಪರೀಕ್ಷಕನು ತೆರೆದನೆಂದು ತಿಳಿಯಬೇಕು. ಪಟ್ಟಿಯೂ ಇಲ್ಲದೆ ಪತ್ರವೂ ಇಲ್ಲದಿದ್ದರೆ, ನಿಲ್ದಾಣವನ್ನು ಬಿಡುವ ಮುನ್ನವೇ ಸಾಮಾನನ್ನು ಎಣಿಸಿ ವಿಮಾನಸಂಸ್ಥೆಗೆ ದೂರು ಕೊಡಬೇಕು.

ಏಕೆಂದರೆ ಕಾನೂನು ಕಾಲವನ್ನು ಎಣಿಸುತ್ತದೆ. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದಂತೆ, ಹಾನಿಗೊಂಡ ಪೆಟ್ಟಿಗೆಯ ವಿಷಯದಲ್ಲಿ 7 ದಿನಗಳೊಳಗಾಗಿ ಲಿಖಿತ ದೂರನ್ನು ಸಲ್ಲಿಸಬೇಕು. ಪರಿಹಾರಕ್ಕೂ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಅದು ಪ್ರಯಾಣಿಕನೊಬ್ಬನಿಗೆ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನವಾದ ಎಸ್.ಡಿ.ಆರ್.ನಲ್ಲಿ 1,519, ಸ್ಥೂಲವಾಗಿ 2,000 ಡಾಲರುಗಳು. ಚಿನ್ನಕ್ಕೂ ನಗದಿಗೂ ತಾವು ಹೊಣೆಯಲ್ಲವೆಂದು ವಿಮಾನಸಂಸ್ಥೆಗಳು ಸಾಮಾನ್ಯವಾಗಿ ತಮ್ಮ ಷರತ್ತುಗಳಲ್ಲಿಯೇ ಬರೆದಿರುತ್ತವೆ.

ಇದರಿಂದ ಒಂದು ಸರಳವಾದ ನಿಯಮ ಹೊರಡುತ್ತದೆ. ಕಳೆದುಹೋದರೆ ಬಾಳಿಗೆ ತೊಡಕಾಗುವಂಥ ವಸ್ತು ಯಾವುದೂ ಆ ಪೆಟ್ಟಿಗೆಯಲ್ಲಿ ಇರಕೂಡದು. ಮೂಲ ಅಂಕಪಟ್ಟಿಗಳು, ಪದವಿಪತ್ರಗಳು, ನಿತ್ಯ ಸೇವಿಸುವ ಔಷಧಿ, ಒಡವೆ, ಗಣಕಯಂತ್ರ ಇವೆಲ್ಲವೂ ಕೈಚೀಲದಲ್ಲಿಯೇ ಇರಬೇಕು. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನಂತೂ ಸರಕುಕೋಣೆಗೆ ಕೊಡುವುದೇ ನಿಷಿದ್ಧ. ಅವು ಹೊತ್ತಿಕೊಂಡರೆ ಅಲ್ಲಿ ನೋಡುವವರಿಲ್ಲ, ನಂದಿಸುವವರಿಲ್ಲ. ಬಟ್ಟೆ, ಪಾತ್ರೆ, ಚಟ್ನಿಪುಡಿಗಳನ್ನು ಹೊತ್ತ ಪೆಟ್ಟಿಗೆಗೆ ಮುದ್ರೆಯೊಂದಿದ್ದರೆ ಸಾಕು.

ಪೆಟ್ಟಿಗೆಯನ್ನು ಪರೀಕ್ಷಿಸುವ ಹಕ್ಕು ಸರ್ಕಾರಕ್ಕೆ ಇರಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. 1985ರ ಮತ್ತು 1988ರ ದುರಂತಗಳನ್ನು ಬಲ್ಲವರು ಅದನ್ನು ಅಲ್ಲಗಳೆಯಲಾರರು. ಆದರೆ ಪರೀಕ್ಷೆಗೆ ಬೇಕಾದ ಅನುಕೂಲವನ್ನು ಪ್ರಯಾಣಿಕನ ರಕ್ಷಣೆಯೆಂದು ಹೆಸರಿಟ್ಟು ಮಾರಬಾರದು. ಒಪ್ಪಿಗೆ ಪಡೆದ ಬೀಗವನ್ನು ಮಾರುವವರು ಅದರ ಕೀಲಿ ಜಗಜ್ಜಾಹೀರಾಗಿದೆ ಎಂಬ ಒಂದು ವಾಕ್ಯವನ್ನು ಅದರ ಜೊತೆಗೆ ಅಚ್ಚುಹಾಕಿಸಲಿ. ಅದನ್ನು ಓದಿಯೂ ಕೊಳ್ಳುವವರು ತಾವು ಕೊಳ್ಳುತ್ತಿರುವುದು ಏನೆಂಬುದನ್ನು ಅರಿತು ಕೊಂಡಂತಾಗುತ್ತದೆ.