ಸೆನ್ಸರ್ ಕೂರಿಸುವ ಜಾಗ ಯಾವುದು?



ಎಲ್ಲಾದರೂ ಸೇತುವೆ ಕುಸಿದ ಸುದ್ದಿ ಬಂದರೆ ಸಾಕು, ವೈರ್‌ಲೆಸ್ ಸೆನ್ಸರ್ ಅಳವಡಿಸಬೇಕೆಂಬ ಮಾತು ಏಳುತ್ತದೆ. ಎಷ್ಟು ಸೆನ್ಸರ್, ಎಷ್ಟು ಕೋಟಿ ಎಂಬ ಲೆಕ್ಕವೂ ನಡೆಯುತ್ತದೆ. ಅವನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳುವವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲೇ.

ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. 2010ರಲ್ಲಿ ತೆರೆದ, ನಾಲ್ಕು ಕಿ.ಮೀ.ಗೂ ಹೆಚ್ಚು ಉದ್ದದ ಈ ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಏಕಾಏಕಿ ಮುಚ್ಚಬೇಕಾಯಿತು. 102 ಮತ್ತು 103ನೇ ಕಂಬಗಳ ಬಳಿ, ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ಕೇಬಲ್‌ಗಳು ತುಕ್ಕು ಹಿಡಿದಿದ್ದವು. ಮೇಲೆ ಓಡಾಡುವವರಿಗಾಗಲಿ, ಕೆಳಗೆ ನಿಂತು ನೋಡುವವರಿಗಾಗಲಿ ಅದು ಕಾಣುವಂಥದ್ದಲ್ಲ. ಎರಡು ತಿಂಗಳಲ್ಲಿ ಲಘು ವಾಹನಗಳಿಗೆ ದಾರಿ ಸಿಕ್ಕಿತಾದರೂ ಬಸ್ಸು, ಲಾರಿಗಳು 2024ರ ಜುಲೈವರೆಗೆ ಕಾಯಬೇಕಾಯಿತು. ಅಷ್ಟೂ ಕಾಲ ತುಮಕೂರು ರಸ್ತೆಯ ಭಾರವೆಲ್ಲ ಕೆಳಗಿನ ದಾರಿಯ ಮೇಲೆ ಬಿತ್ತು.

ಇಂಥ ಸೇತುವೆಯ ಪ್ರತಿ ಗರ್ಡರಿನ (ಕಂಬದಿಂದ ಕಂಬಕ್ಕೆ ಚಾಚಿದ ತೊಲೆಯ) ನಟ್ಟನಡುವೆ ಕಂಪನ ಅಳೆಯುವ ಒಂದೊಂದು ಸೆನ್ಸರ್ ಅಂಟಿಸಿದರೆ ಸಾಲದು. ಕೇಬಲಿನ ಕೆಲವು ಎಳೆಗಳನ್ನು ತುಕ್ಕು ತಿಂದರೂ ಕಾಂಕ್ರೀಟು ಬಿರುಕು ಬಿಡುವವರೆಗೆ ಗರ್ಡರಿನ ಕಂಪನ ಹೆಚ್ಚೇನೂ ಬದಲಾಗದು. ಎಳೆ ತುಂಡಾಗುವ ಸದ್ದನ್ನು ಹಿಡಿಯಬಲ್ಲ ಸೆನ್ಸರ್‌ಗಳಿವೆ. ಅವು ಇರಬೇಕಾದದ್ದು ಕೇಬಲನ್ನು ಬಿಗಿದ ತುದಿಗಳ ಬಳಿ, ಮಳೆನೀರು ಇಳಿಯುವ ಜಾಯಿಂಟುಗಳ ಕೆಳಗೆ. ಇನ್ನೊಂದು ಸಂಗತಿ: ಗರ್ಡರ್ ಹಲವು ಬಗೆಯಲ್ಲಿ ಕಂಪಿಸುತ್ತದೆ. ಅದರ ಅರ್ಧ ಮೇಲೇಳುವಾಗ ಉಳಿದರ್ಧ ಕೆಳಗಿಳಿಯುವ ಬಗೆಯಲ್ಲಿ ನಟ್ಟನಡುವಿನ ಬಿಂದು ಅಲುಗುವುದೇ ಇಲ್ಲ. ಅಲ್ಲಿ ಕೂತ ಸೆನ್ಸರಿಗೆ ಆ ಕಂಪನದ ಸುಳಿವೂ ಸಿಗದು.

ವೈರ್‌ಲೆಸ್ ಎಂದಾಕ್ಷಣ ಮತ್ತೊಂದು ತೊಡಕು. ದಪ್ಪ ಕಾಂಕ್ರೀಟು, ಉಕ್ಕು ರೇಡಿಯೊ ಸಿಗ್ನಲ್ಲಿಗೆ ಅಡ್ಡಿ. ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 64 ಸೆನ್ಸರ್ ಘಟಕಗಳ ಜಾಲ ಹೂಡಿದಾಗ ದೂರದ ತುದಿಯ ಮಾಹಿತಿ 46 ನೆಗೆತಗಳಲ್ಲಿ, ಒಂದರಿಂದ ಒಂದಕ್ಕೆ ದಾಟುತ್ತ ಬರಬೇಕಿತ್ತು. ಹೀಗೆ ಬೇರೆಯವುಗಳ ಮಾಹಿತಿಯನ್ನೂ ಹೊತ್ತು ಸಾಗಿಸುವ ಘಟಕದ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಕೆಲಸ ಹಿಡಿದವರಿಗೆ ಸಿಗ್ನಲ್ ಚೆನ್ನಾಗಿರುವ, ಏಣಿ ಇಟ್ಟರೆ ಕೈಗೆಟುಕುವ ಜಾಗವೇ ಹಿಡಿಸುವುದು ಸಹಜ. ಆದರೆ ಸೇತುವೆಯ ದುರ್ಬಲ ಜಾಗವೂ ಅದೇ ಆಗಿರಬೇಕೆಂದೇನೂ ಇಲ್ಲ.

ಅಣೆಕಟ್ಟೆಗಳಿಗೂ ಇದೇ ಮಾತು ಸಲ್ಲುತ್ತದೆ. ತುಂಗಭದ್ರಾ ಜಲಾಶಯದಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದದ್ದು ಚೈನ್ ತುಂಡಾಗಿ. ಅಣೆಕಟ್ಟೆಯ ಮೈಗೆ ನೂರು ಸೆನ್ಸರ್ ಹಾಕಿದರೂ ಗೇಟಿನ ಚೈನಿನ ಎಳೆತ ಅಳೆಯುವುದು ಒಂದೂ ಇಲ್ಲದಿದ್ದರೆ ಅಂಥ ಅವಘಡದ ಮುನ್ಸೂಚನೆ ಎಲ್ಲಿಂದ ಬರಬೇಕು?

ಸೆನ್ಸರೇ ಬೇಡ ಎನ್ನುತ್ತಿಲ್ಲ. ರಾಮೇಶ್ವರದ ಹಳೆಯ ಪಾಂಬನ್ ರೈಲು ಸೇತುವೆಯಲ್ಲಿ ಸೆನ್ಸರ್‌ಗಳು ಎಚ್ಚರಿಸಿದ ಮೇಲೆ 2022ರ ಡಿಸೆಂಬರ್‌ನಲ್ಲಿ ರೈಲು ಸಂಚಾರವನ್ನೇ ನಿಲ್ಲಿಸಿದರು. ಎಚ್ಚರಿಕೆ ಬಂತು, ಅದನ್ನು ಕೇಳಿ ತೀರ್ಮಾನ ತೆಗೆದುಕೊಳ್ಳುವವರೂ ಇದ್ದರು. ಕಾರವಾರದ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7ನೇ ತಾರೀಕು ಹುಟ್ಟಿದ ಮೇಲೆ ಕುಸಿದು, ಲಾರಿಯೊಂದು ನದಿಗೆ ಬಿತ್ತು. ಅಂಥ ಹೊತ್ತಿನಲ್ಲಿ ಸೆನ್ಸರ್ ಕೂಗಿದರೆ ಯಾರ ಫೋನು ಮೊಳಗಬೇಕು, ರಸ್ತೆ ಮುಚ್ಚುವ ಅಧಿಕಾರ ಯಾರಿಗೆ ಎಂಬುದು ಮೊದಲೇ ಬರಹದಲ್ಲಿರಬೇಕು.

ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರ ಮತ್ತು ಜಲಸಂಪನ್ಮೂಲ ಇಲಾಖೆಗೆ ನನ್ನ ವಿನಂತಿ ಇಷ್ಟು: ಟೆಂಡರ್ ಕರೆಯುವ ಮೊದಲೇ ಆಯಾ ಸೇತುವೆ, ಅಣೆಕಟ್ಟೆಯ ದುರ್ಬಲ ಜಾಗಗಳನ್ನು ಪರಿಣತರಿಂದ ಗುರುತಿಸಿ, ಸೆನ್ಸರ್ ಕೂರುವ ಜಾಗಗಳ ನಕ್ಷೆಯನ್ನು ಟೆಂಡರಿನ ಭಾಗವಾಗಿಸಿ. ಜಾಗದ ಆಯ್ಕೆಯನ್ನು ಗುತ್ತಿಗೆದಾರರಿಗೆ ಬಿಡಬೇಡಿ. ಆ ನಕ್ಷೆಯನ್ನು ಸಾರ್ವಜನಿಕರ ಮುಂದಿಡಿ.

– ನಿವೃತ್ತ ಸಿವಿಲ್ ಎಂಜಿನಿಯರ್, ತುಮಕೂರು