ಮನೆಯ ಮಾತು: ಸಂಕಲ್ಪದ ಪಟ್ಟಿ

ಸಂಕಲ್ಪವೆಂಬುದು ನಮ್ಮ ಜನರಿಗೆ ಹೊಸದಲ್ಲ. ಪೂಜೆಗೆ ಕುಳಿತವನು ಮೊದಲು ದೇಶವನ್ನು ಹೇಳುತ್ತಾನೆ, ಕಾಲವನ್ನು ಹೇಳುತ್ತಾನೆ, ತಾನು ಮಾಡತಕ್ಕ ಕರ್ಮವನ್ನು ಹೇಳುತ್ತಾನೆ. ಆಮೇಲೆಯೇ ಉಳಿದ ಕೆಲಸ. ಎಲ್ಲಿ, ಯಾವಾಗ, ಏನು ಎಂಬ ಮೂರನ್ನೂ ಬಾಯಿಬಿಟ್ಟು ನಿಶ್ಚಯಿಸಿಕೊಂಡ ಹೊರತು ಕಾರ್ಯಕ್ಕೆ ಕೈಹಾಕಕೂಡದೆಂಬ ವಿವೇಕವು ಈ ಕ್ರಮದಲ್ಲಿ ಅಡಗಿದೆ. ಯುಗಾದಿಗೋ ಜನವರಿಯ ಮೊದಲನೆಯ ತಾರೀಖಿಗೋ ನಮ್ಮ ಗೃಹಸ್ಥರು ಬರೆದುಕೊಳ್ಳುವ ಪಟ್ಟಿಗಳಲ್ಲಿ ಇಲ್ಲದಿರುವುದು ಇದೇ ವಿವೇಕ. “ತೂಕ ಇಳಿಸಬೇಕು, ವ್ಯಾಯಾಮ ಮಾಡಬೇಕು, ಸಂಗೀತ ಕಲಿಯಬೇಕು, ಒಳ್ಳೆಯ ಗ್ರಂಥಗಳನ್ನು ಓದಬೇಕು” ಎಂದು ಬರೆದ ಕಾಗದವು ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಬರೆದವರು ಹಳೆಯ ದಾರಿಯಲ್ಲಿಯೇ ಇರುತ್ತಾರೆ. ಇದಕ್ಕೆ ಅವರ ಸೋಮಾರಿತನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಪಟ್ಟಿಯ ರಚನೆಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಮನೆಯ ಏರ್ಪಾಟಿನಲ್ಲಿಯೂ ಕಾರಣವಿದೆಯೆಂಬುದು ನಮ್ಮ ಅಭಿಪ್ರಾಯ.

ಪಟ್ಟಿಯನ್ನು ಬರೆದು ಅದರಂತೆ ನಡೆಯಲು ಯತ್ನಿಸಿದವರಲ್ಲಿ ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ (೧೭೦೬–೧೭೯೦) ಬಹು ಪ್ರಸಿದ್ಧನು. ತನ್ನಲ್ಲಿ ನೆಲೆಸಬೇಕಾದ ಹದಿಮೂರು ಗುಣಗಳನ್ನು ಆತನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡನು. ಒಂದೊಂದು ಗುಣಕ್ಕೆ ಒಂದೊಂದು ಪುಟ. ಪುಟದಲ್ಲಿ ಕೆಂಪು ಮಸಿಯಿಂದ ಗೆರೆ ಎಳೆದು ವಾರದ ಏಳು ದಿನಗಳಿಗೆ ಏಳು ಅಂಕಣಗಳು. ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ಹದಿಮೂರನ್ನೂ ಒಮ್ಮೆಗೇ ಹಿಡಿಯದೆ ವಾರಕ್ಕೆ ಒಂದರ ಮೇಲೆ ಮಾತ್ರ ವಿಶೇಷ ಗಮನವಿಟ್ಟನು. ತೋಟಗಾರನು ಕಳೆ ಕೀಳುವಾಗ ಒಂದು ಮಡಿಯನ್ನು ಮುಗಿಸಿ ಇನ್ನೊಂದಕ್ಕೆ ಹೋಗುವುದನ್ನು ಆತನು ಇದಕ್ಕೆ ಹೋಲಿಕೆಯಾಗಿ ಕೊಟ್ಟಿದ್ದಾನೆ. ಹದಿಮೂರು ವಾರಕ್ಕೆ ಒಂದು ಆವೃತ್ತಿ, ವರ್ಷಕ್ಕೆ ನಾಲ್ಕು ಆವೃತ್ತಿ. ಅಚ್ಚುಕಟ್ಟೆಂಬ ಗುಣವು ಆತನಿಗೆ ಕೊನೆಯವರೆಗೂ ಕೈವಶವಾಗಲಿಲ್ಲ. ಆದರೂ ಆ ಪ್ರಯತ್ನದಿಂದಲೇ ತಾನು ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಪಟ್ಟಿ ಪೂರ್ಣವಾಗದಿದ್ದರೂ ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಒಂದು ಕೆಲಸವು ಅಭ್ಯಾಸವಾಗಿ ಕೂಡಿಕೊಳ್ಳಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನವೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಅದರ ಮೂಲವು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಶಸ್ತ್ರವೈದ್ಯನು ೧೯೬೦ರಲ್ಲಿ ಪ್ರಕಟಿಸಿದ ಪುಸ್ತಕ. ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕಡೆಯಪಕ್ಷ ಅಷ್ಟು ದಿನ ಬೇಕೆಂದು ಆತನು ಬರೆದದ್ದು ಬಾಯಿಂದ ಬಾಯಿಗೆ ಹೋಗಿ ನಿಯಮವಾಯಿತು. ಲಂಡನ್ನಿನ ವಿಶ್ವವಿದ್ಯಾನಿಲಯದ ಕಾಲೇಜೊಂದರ ಸಂಶೋಧಕರು ೯೬ ಮಂದಿಯನ್ನು ಹನ್ನೆರಡು ವಾರ ಪರೀಕ್ಷಿಸಿ ೨೦೧೦ರಲ್ಲಿ ಅಚ್ಚುಮಾಡಿಸಿದ ಲೇಖನದಂತೆ, ಮಧ್ಯಮ ಲೆಕ್ಕ ೬೬ ದಿನ. ಕೆಲವರಿಗೆ ೧೮ ದಿನವೇ ಸಾಕಾದರೆ ಕೆಲವರಿಗೆ ೨೫೪ ದಿನ ಹಿಡಿಯುವಂತಿತ್ತು. ಊಟದ ಜೊತೆಗೆ ಒಂದು ಹಣ್ಣು ತಿನ್ನುವಂತಹ ಸಣ್ಣ ಕೆಲಸ ಬೇಗ ಕೂಡಿಬಂದಿತು, ವ್ಯಾಯಾಮವು ನಿಧಾನವಾಯಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವು ಕೆಡಲಿಲ್ಲವೆಂಬುದು ಇದರಲ್ಲಿ ಅತ್ಯಂತ ಸಮಾಧಾನದ ಸಂಗತಿ. ಮದುವೆಯ ಮನೆಗೆ ಹೋಗಿ ಎರಡು ದಿನ ನಡಿಗೆ ತಪ್ಪಿತೆಂದು ಪಟ್ಟಿಯನ್ನೇ ಹರಿದುಹಾಕುವವರು ಇದನ್ನು ನೆನಪಿಡತಕ್ಕದ್ದು.

ಇನ್ನು ಪ್ರಮಾಣದ ವಿಚಾರ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕೆಂದು ಹಲವರು ಮಣಿಕಟ್ಟಿನ ಯಂತ್ರವನ್ನು ನೋಡಿ ನೋಡಿ ಕಳವಳಪಡುತ್ತಾರೆ. ಈ ಸಂಖ್ಯೆಯು ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದುದಲ್ಲ. ೧೯೬೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ ‘ಮಾನ್ಪೊಕೇ’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟರು, ಹೆಸರೇ ಗುರಿಯಾಯಿತು. ಅಮೆರಿಕೆಯಲ್ಲಿ ಸುಮಾರು ಎಪ್ಪತ್ತೆರಡು ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನು ಗಮನಿಸಿ ೨೦೧೯ರಲ್ಲಿ ಪ್ರಕಟಿಸಿದ ವರದಿಯಂತೆ, ದಿನಕ್ಕೆ ೪,೪೦೦ ಹೆಜ್ಜೆ ನಡೆದವರಲ್ಲಿಯೇ, ಬಹಳ ಕಡಮೆ ನಡೆದವರಿಗಿಂತ, ಮರಣ ಸಂಖ್ಯೆಯು ಕಡಮೆಯಾಗಿತ್ತು. ಸುಮಾರು ೭,೫೦೦ ಹೆಜ್ಜೆಗಳ ಆಚೆಗೆ ಹೆಚ್ಚಿನ ಲಾಭ ತೋರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ವಯಸ್ಕರಿಗೆ ಹೇಳಿರುವುದೂ ಮಿತವಾದುದೇ: ವಾರಕ್ಕೆ ೧೫೦ರಿಂದ ೩೦೦ ನಿಮಿಷ ಚುರುಕು ನಡಿಗೆಯಂತಹ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ; ಅರವತ್ತೈದು ದಾಟಿದವರು ಬೀಳದಂತೆ ದೇಹದ ಸಮತೋಲವನ್ನು ಕಾಪಾಡುವ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಸೇರಿಸಿಕೊಳ್ಳಬೇಕು. ಎದೆನೋವು, ತಲೆಸುತ್ತು ಮೊದಲಾದುವು ಇರುವವರು ಮೊದಲು ವೈದ್ಯರನ್ನು ಕೇಳಿಯೇ ಆರಂಭಿಸಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಈ ಲೆಕ್ಕಗಳನ್ನು ಮುಂದಿಟ್ಟುಕೊಂಡು ನಾವು ಈ ವರ್ಷ ಬರೆದುಕೊಂಡ ಪಟ್ಟಿಯಲ್ಲಿ ಮೂರೇ ವಿಷಯಗಳಿವೆ. ಒಂದು: ಸಂಜೆ ಆರು ಗಂಟೆಗೆ ಕೆರೆಯ ಏರಿಯ ಮೇಲೆ ಮೂವತ್ತು ನಿಮಿಷ ನಡಿಗೆ, ವಾರಕ್ಕೆ ಐದು ದಿನ. ಎರಡು: ಸೋಮವಾರ ಮತ್ತು ಗುರುವಾರ ಸ್ನಾನಕ್ಕೆ ಮುಂಚೆ ನಡುಮನೆಯಲ್ಲಿ ಬಸ್ಕಿ, ದಂಡ. ಮೂರು: ರಾತ್ರಿ ಊಟಕ್ಕೆ ಮುಂಚೆ ಕುಮಾರವ್ಯಾಸನ ಭಾರತದ ಹತ್ತು ಪದ್ಯಗಳನ್ನು ಗಟ್ಟಿಯಾಗಿ ಓದುವುದು. ಇವುಗಳಲ್ಲಿ ತೂಕದ ಮಾತಿಲ್ಲ, ಪಾಂಡಿತ್ಯದ ಮಾತಿಲ್ಲ. ಫಲವು ನಮ್ಮ ಕೈಯಲ್ಲಿಲ್ಲ, ಕೆಲಸವು ಕೈಯಲ್ಲಿದೆ. ಮೊದಲು ಹತ್ತು ಬಸ್ಕಿಗೆ ತೊಡೆ ನಡುಗುತ್ತಿದ್ದುದು ಈಗ ಇಪ್ಪತ್ತೈದಕ್ಕೆ ನಿಂತಿದೆ. ಆದಿಪರ್ವ ಮುಗಿದು ಸಭಾಪರ್ವ ನಡೆಯುತ್ತಿದೆ. ಮೊದಲು ತಮಗೇನೂ ಸಂಬಂಧವಿಲ್ಲವೆಂಬಂತೆ ಇದ್ದ ಮಕ್ಕಳು ಜೂಜಿನ ಪ್ರಸಂಗ ಬಂದ ಮೇಲೆ ತಾವಾಗಿ ಬಂದು ಕೂರುತ್ತಿದ್ದಾರೆ. ಹವ್ಯಾಸಗಳನ್ನೆಲ್ಲ ಹೀಗೆ ಸಣ್ಣ ತುಂಡುಗಳಾಗಿ ವಿಂಗಡಿಸಿಕೊಳ್ಳಬಹುದು. ಧಾರವಾಡದ ಕಡೆಯ ಕಸೂತಿಯನ್ನು ಕಲಿಯಬೇಕೆಂಬ ಹೆಣ್ಣುಮಗಳು “ಕಸೂತಿ ಕಲಿಯುವುದು” ಎಂದು ಬರೆಯದೆ, ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿಗೆ ನಾಲ್ಕು ತಿಂಗಳೆಂದು ಬರೆದುಕೊಳ್ಳಲಿ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕುವ ಆ ಹೊಲಿಗೆಗೆ ಅವಸರವು ಒಗ್ಗುವುದೂ ಇಲ್ಲ.

ದೇಹಸಾಧನೆಗೂ ಸಾಹಿತ್ಯ ಕಲೆಗಳಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ಭಾವಿಸುವವರು ಬೆಂಗಳೂರಿನ ಕೆ. ವಿ. ಅಯ್ಯರವರನ್ನು ನೆನೆಯಬಹುದು. ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸಿ, ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದವರು ಅವರೇ. ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳನ್ನು ಕನ್ನಡಕ್ಕೆ ಕೊಟ್ಟವರೂ ಅವರೇ.

ಆದರೆ ಪಟ್ಟಿಯು ಎಷ್ಟೇ ಅಚ್ಚುಕಟ್ಟಾಗಿರಲಿ, ಅದಕ್ಕೆ ಬೇಕಾದ ಅರ್ಧ ಗಂಟೆಯು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಯಜಮಾನನು ಸಂಜೆ ವಾಯುಸೇವನೆಗೆ ಹೊರಟರೆ, ಆ ಹೊತ್ತಿನಲ್ಲಿ ಒಲೆಯ ಮೇಲಿನ ಅನ್ನವನ್ನು ನೋಡುವವರು, ಮಗುವಿನ ಪಾಠವನ್ನು ಕೇಳುವವರು, ಬಾಗಿಲಿಗೆ ಬಂದವರಿಗೆ ಉತ್ತರ ಹೇಳುವವರು ಇನ್ನೊಬ್ಬರು ಇದ್ದಾರೆ. ಆತನ ಪಟ್ಟಿಯು ಆ ಇನ್ನೊಬ್ಬರ ಸಮಯದಿಂದಲೇ ನಡೆಯುತ್ತದೆ. ಭಾರತ ಸರ್ಕಾರವು ೨೦೧೯ರಲ್ಲಿ ನಡೆಸಿದ ಕಾಲ ಬಳಕೆಯ ಸಮೀಕ್ಷೆಯಂತೆ, ಮನೆಯವರಿಗಾಗಿ ಸಂಬಳವಿಲ್ಲದೆ ಗೃಹಕೃತ್ಯ ಮಾಡಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ ೨೯೯ ನಿಮಿಷ ಕಳೆದರು. ಗಂಡಸರು ೯೭ ನಿಮಿಷ. ಅದೂ ಗಂಡಸರಲ್ಲಿ ಅಂತಹ ಕೆಲಸಕ್ಕೆ ಕೈಹಾಕಿದವರು ಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ.

“ಹೆಂಗಸರು ದಿನವಿಡೀ ಓಡಾಡುತ್ತಾರೆ, ಅವರಿಗೆ ಬೇರೆ ವ್ಯಾಯಾಮವೇಕೆ?” ಎಂದು ಕೇಳುವವರುಂಟು. ಮನೆಗೆಲಸವೂ ದೇಹಕ್ಕೆ ಚಟುವಟಿಕೆಯೆಂಬುದು ದಿಟ. ಆದರೆ ಬೀಸುವ ಕಲ್ಲು, ಒರಳು, ಬಾವಿಯ ಹಗ್ಗ ಇವು ಹೆಚ್ಚಿನ ಮನೆಗಳಿಂದ ಹೋದುವು; ತೋಳಿಗೂ ಬೆನ್ನಿಗೂ ಇದ್ದ ದುಡಿತವು ಕಡಮೆಯಾಯಿತು, ಹೊತ್ತು ಮಾತ್ರ ಹಾಗೆಯೇ ಮನೆಗೆಲಸಕ್ಕೆ ಕಟ್ಟಿಬಿದ್ದಿದೆ. ವಯಸ್ಸಾದಂತೆ ಮೂಳೆ ಸ್ನಾಯುಗಳು ಸವೆಯುವುದು ಎಲ್ಲರಿಗೂ ಇದ್ದದ್ದು. ಋತುಸ್ರಾವ ನಿಂತ ಮೇಲೆ ಸ್ತ್ರೀಯರ ಮೂಳೆಗಳು ಇನ್ನೂ ಬೇಗ ಬಲಗುಂದುತ್ತವೆ. ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯನ್ನು ಕಾಣದ ಬಂಧುವರ್ಗವಿದೆಯೇ? ನಲವತ್ತರಲ್ಲಿ ಆಕೆಗೆ ಸಿಕ್ಕದ ಅರ್ಧ ಗಂಟೆಯು ಎಪ್ಪತ್ತರಲ್ಲಿ ಇಡೀ ಮನೆಯ ಹೊತ್ತನ್ನು ಬೇಡಬಹುದು. ಹವ್ಯಾಸದ ಮಾತಂತೂ ಹೇಳುವುದೇ ಬೇಡ. ಮನೆಯಲ್ಲಿ ಯಾರಿಗೆ ಯಾವ ಅನಾನುಕೂಲವಾದರೂ ಮೊದಲು ಹೊಡೆದುಹಾಕಲ್ಪಡುವುದು ಗೃಹಿಣಿಯ ಪಟ್ಟಿಯ ಸಾಲು.

ನಮ್ಮ ಪರಿಚಯದ ಮನೆಯೊಂದರಲ್ಲಿ ಸೊಸೆಯು ಮದುವೆಗೆ ಮುಂಚೆ ವೀಣೆ ಕಲಿತಿದ್ದಳು. ಹನ್ನೊಂದು ವರ್ಷ ಆ ವೀಣೆ ಗವಸಿನೊಳಗೇ ಇತ್ತು. ಮಧ್ಯಾಹ್ನ ನಾಲ್ಕರಿಂದ ನಾಲ್ಕೂವರೆಯವರೆಗೆ ಅಭ್ಯಾಸವೆಂದು ಆಕೆ ಒಂದು ಚೀಟಿಯಲ್ಲಿ ಬರೆದು ಅಡಿಗೆಯ ಮನೆಯ ಗೋಡೆಗೆ ಅಂಟಿಸಿದಳು. ಆದರೆ ನಾಲ್ಕು ಗಂಟೆಯೆಂದರೆ ಮನೆಯವರ ಕಾಫಿಯ ಹೊತ್ತು. ಚೀಟಿ ಅಲ್ಲಿಯೇ ಇತ್ತು, ವೀಣೆಯೂ ಅಲ್ಲಿಯೇ ಇತ್ತು. ನಿವೃತ್ತರಾಗಿ ಮನೆಯಲ್ಲಿದ್ದ ಮಾವನವರು ಒಂದು ದಿನ ಅದನ್ನು ಓದಿ, “ಕಾಫಿಯನ್ನು ನಾನು ಬೆರೆಸುತ್ತೇನಮ್ಮ, ನೀನು ಶ್ರುತಿ ಮಾಡಿಕೋ” ಎಂದರು. ಮೊದಲ ವಾರ ಡಿಕಾಕ್ಷನ್ನು ನೀರಾಯಿತು, ಹಾಲು ಉಕ್ಕಿತು, ಅತ್ತೆಯವರು ಎರಡು ಮಾತು ಆಡಿದರು. ಮೂರನೆಯ ವಾರಕ್ಕೆ ಕಾಫಿಯೂ ಹದಕ್ಕೆ ಬಂದಿತು, ಸರಳೆ ವರಸೆಗಳೂ ಕೈಗೆ ಬಂದುವು. ಈಗ ಆಕೆ ವರ್ಣಗಳಿಗೆ ಬಂದಿದ್ದಾಳೆಂದು ಕೇಳಿದ್ದೇವೆ. ಅಲ್ಲಿ ಬೇಕಾಗಿದ್ದುದು ಆಕೆಯ ಮನೋದಾರ್ಢ್ಯವಲ್ಲ, ಅದು ಮೊದಲೇ ಇತ್ತು. ಬೇಕಾಗಿದ್ದುದು ಆ ಅರ್ಧ ಗಂಟೆಯನ್ನು ಹೊರುವ ಇನ್ನೊಂದು ಕೈ.

ಆದುದರಿಂದ ಸಂಕಲ್ಪದಲ್ಲಿರುವ ಎಲ್ಲಿ, ಯಾವಾಗ, ಏನು ಎಂಬ ಮೂರರ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ: ಆ ಹೊತ್ತಿನ ಕೆಲಸವನ್ನು ಮಾಡುವವರು ಯಾರು? ಈ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತು, ಹಿರಿಯರು ಕಿರಿಯರೆನ್ನದೆ ತಲೆಗೆ ಎರಡು ಮೂರು ಸಾಲುಗಳಿಗೆ ಮೀರದಂತೆ ಬರೆಯಲಿ. ದೇಹಕ್ಕೆ ಒಂದು, ಮನಸ್ಸಿಗೆ ಒಂದು ಇದ್ದರೆ ಸಾಕು. ಪ್ರತಿಯೊಂದು ಸಾಲಿನ ಮುಂದೆ ಆ ಸಮಯವನ್ನು ಬಿಡಿಸಿಕೊಡುವವರ ಹೆಸರಿರಲಿ. ತಿಂಗಳ ಕೊನೆಗೆ ಗುರುತುಗಳನ್ನು ಎಣಿಸುವಾಗ ಅಭ್ಯಾಸ ಮಾಡಿದವರಿಗೆ ಒಂದು, ಕೆಲಸ ವಹಿಸಿಕೊಂಡವರಿಗೆ ಒಂದು ಎಂದು ಎರಡು ಲೆಕ್ಕ ಇಡಲಿ. ಗೃಹಿಣಿಯು “ನನಗೇನೂ ಬೇಡಿ, ನಿಮ್ಮದು ನಡೆಯಲಿ” ಎನ್ನುವುದು ಖಂಡಿತ. ಆ ಮಾತನ್ನು ಒಪ್ಪಿಕೊಳ್ಳಬೇಡಿರಿ; ಮೊದಲ ಸಾಲನ್ನು ಆಕೆಯಿಂದಲೇ ಬರೆಯಿಸಿರಿ.